ಘಟ್ಟ ಇಳಿದು ಕರಾವಳಿಯಲ್ಲಿ ನೆಲೆಸಬೇಕು, ಗಾಳ ಹಾಕೋರಿಗೆ ಯಾವ ಊರು ಒಳ್ಳೇದು?

ಹಿನ್ನೀರಿನವ

ಎಲ್ಲರಿಗೂ ನಮಸ್ಕಾರ.

ನಮ್ಮದು ಹೊಸನಗರ ತಾಲ್ಲೂಕು. ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಈಗ ಮಗ ತೋಟ ನೋಡಿಕೊಳ್ಳುತ್ತಿದ್ದಾನೆ. ಔಷಧಿ ಹೊಡೆಸುವುದರಿಂದ ಹಿಡಿದು ಕೊನೆ ಕೊಯ್ಲಿನವರೆಗೆ ಯಾವುದಕ್ಕೂ ನನ್ನನ್ನು ಕಾಯುವುದಿಲ್ಲ. ಹಾಗಾಗಿ ನಾನು, ನನ್ನ ಹೆಂಡತಿ ಇಬ್ಬರೂ ಕರಾವಳಿಯಲ್ಲಿ ಸಣ್ಣದೊಂದು ಮನೆ ಮಾಡಿಕೊಂಡು ಇರೋಣ ಅಂತ ಮಾತಾಡಿಕೊಂಡಿದ್ದೇವೆ. ಕಾರಣ ಮೀನು. ಬೇರೆ ಏನೂ ಅಲ್ಲ.

ನಾನು ಚಿಕ್ಕಂದಿನಿಂದ ಮೀನಿನ ಹಿಂದೆ ಬಿದ್ದವನು. ಮೊದಲ ಮಳೆಗೆ ಗದ್ದೆ ಹಳ್ಳಕ್ಕೆ ಹತ್ತುಮೀನು (ಹೊಳೆಯಿಂದ ಮೇಲೆ ಹತ್ತುವ ಮೀನು) ಬರುವಾಗ ಅಪ್ಪನ ಜೊತೆ ರಾತ್ರಿ ದೀಪ ಹಿಡಿದು ಹೋಗುತ್ತಿದ್ದೆ. ಅಕ್ಕನನ್ನು ಕೊಟ್ಟಿದ್ದು ಸೊರಬದ ಕಡೆ. ಬೇಸಿಗೆ ಕೊನೆಗೆ ಅಲ್ಲಿ ಕೆರೆಬೇಟೆ ಇದ್ದರೆ ಈಗಲೂ ಕೂಣಿ ಹೊತ್ತು ಹೋಗುತ್ತೇನೆ. ಬಯಲುಸೀಮೆಯವರೂ ಇಲ್ಲಿ ಓದುತ್ತಾರೆ, ಅವರಿಗಾಗಿ ಹೇಳುತ್ತೇನೆ. ಕೂಣಿ ಬಿದಿರಿನದು. ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ಬಾಯಿ, ತಳ ಇರುವುದಿಲ್ಲ. ಊರವರೆಲ್ಲ ಒಟ್ಟಿಗೆ ಕೆರೆಗೆ ಇಳಿದು ಕೆಸರಿಗೆ ಕೂಣಿ ಒತ್ತುತ್ತಾ ಹೋಗುತ್ತಾರೆ. ಒಳಗೆ ಮೀನು ಸಿಕ್ಕಿದ್ದರೆ ಬಿದಿರಿಗೆ ಬಡಿಯುತ್ತದೆ. ಆಗ ಮೇಲಿನ ಬಾಯಿಂದ ಕೈ ಹಾಕಿ ತಡಕಿ ಹಿಡಿಯಬೇಕು. ಕೊರವ ಆದರೆ ಜಾರುತ್ತದೆ, ಚೇಳುಮೀನು ಆದರೆ ಮುಳ್ಳು ಚುಚ್ಚುತ್ತದೆ. ಆ ಬಡಿತ ಅಂಗೈಗೆ ತಿಳಿಯುತ್ತದಲ್ಲ, ಅದಕ್ಕಾಗಿಯೇ ಅಷ್ಟು ದೂರ ಹೋಗೋದು.

ಆದರೆ ಕೆರೆಬೇಟೆ ಯಾವತ್ತೋ ಒಂದು ದಿನ. ಉಳಿದ ದಿನ ಗಾಳ ಹಿಡಿದು ಎಲ್ಲಿ ಕೂರೋದು? ಊರ ಕೆರೆಗಳು ಟೆಂಡರ್ ಆಗಿವೆ. ತುಂಗೆಯಲ್ಲಿ ಚಿಪ್ಪಲಗುಡ್ಡೆ, ಶೃಂಗೇರಿಯ ದೇವರ ಮೀನು ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ನಮ್ಮ ಕಡೆ ಹಿನ್ನೀರಿನಲ್ಲಿ ಸಣ್ಣ ಕಣ್ಣಿನ ಬಲೆ ಜಾಸ್ತಿಯಾಗಿ ಮರಿಗಳೂ ಉಳಿಯುತ್ತಿಲ್ಲ. ಹಳ್ಳಕ್ಕೆ ತೋಟೆ (ಸಿಡಿಮದ್ದು) ಹಾಕುವವರನ್ನು ಕಂಡರಂತೂ ಮೈ ಉರಿಯುತ್ತದೆ. ತಿನ್ನೋದು ನಾಲ್ಕು ಮೀನು, ಸಾಯೋದು ಇಡೀ ಗುಂಡಿ.

ಈಗ ಪ್ರಶ್ನೆ. ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ, ಕಾರವಾರ, ಇಷ್ಟು ತಲೆಯಲ್ಲಿದೆ. ದಡದಲ್ಲಿ ಕೂತು ಗಾಳ ಹಾಕುವ ಅನುಕೂಲ ಬೇಕು. ಹೆಂಡತಿಗೆ ಸಕ್ಕರೆ ಕಾಯಿಲೆ ಇದೆ, ಆಸ್ಪತ್ರೆ ತೀರಾ ದೂರ ಆಗಬಾರದು. ಅಮ್ಮ ಊರಲ್ಲೇ ಇರುತ್ತಾರೆ. ಮಳೆಗಾಲದಲ್ಲೂ ಫೋನ್ ಬಂದ ದಿನವೇ ಮನೆ ಮುಟ್ಟುವಂತಿರಬೇಕು. ಒಬ್ಬ ಬ್ರೋಕರ್ ಸಮುದ್ರಕ್ಕೆ ಮುಖ ಮಾಡಿದ ಜಾಗ ತೋರಿಸಿದ. ನೋಡೋಕೆ ಚಂದ ಇದೆ. ಬೇಲಿ ದಾಟಿದರೆ ಮರಳು.

ಇನ್ನೊಂದು ವಿಷಯ. ಅಜ್ಜನ ಕಾಲದ ಕೋವಿ ಮನೆಯಲ್ಲಿದೆ. ಬೆಳೆ ರಕ್ಷಣೆಯ ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ಅಜ್ಜ ಶಿಕಾರಿಗೆ ಹೋಗುತ್ತಿದ್ದ ಕಾಲ ಬೇರೆ, ಅದು ಗೊತ್ತು. ಆದರೆ ಪರಿಚಯದವರೊಬ್ಬರು "ಘಟ್ಟದ ಬುಡದಲ್ಲಿ ಜಾಗ ತಗೊಳ್ಳಿ, ಅಲ್ಲಿ ಹಂದಿ ಹೊಡೆದರೆ ಯಾರೂ ಕೇಳಲ್ಲ, ಮೀನಿಗೂ ಹತ್ತಿರ" ಅಂದರು. ಇದು ನಿಜವಾ? ಕಾನೂನು ಮೀರುವ ಮನಸ್ಸು ನನಗಿಲ್ಲ. ತಿಳಿದವರು ಹೇಳಿ.

ರಿಪ್ಪನ್‌ಪೇಟೆ ವಕೀಲ

ಕೋವಿ ವಿಷಯ ಮೊದಲು ಮುಗಿಸಿಬಿಡೋಣ ಸರ್, ಯಾಕೆಂದರೆ ಅದಕ್ಕೆ ಉತ್ತರ ಒಂದೇ. ಘಟ್ಟದ ಮೇಲೆ ಯಾವ ಕಾನೂನೋ ಘಟ್ಟದ ಕೆಳಗೂ ಅದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಡೀ ದೇಶಕ್ಕೆ ಅನ್ವಯ. ಕಾಡುಹಂದಿಯೂ ಆ ಕಾಯ್ದೆಯ ಪಟ್ಟಿಯಲ್ಲಿದೆ. 2022ರ ತಿದ್ದುಪಡಿ ಆದ ಮೇಲೂ ಇದೆ. ಕೋವಿಯಲ್ಲಿ ಹೊಡೆದರೂ ಉರುಳು ಹಾಕಿದರೂ ಅದು ಬೇಟೆಯೇ.

ಬೆಳೆ ಹಾಳಾಗುತ್ತಿದ್ದರೆ ಅನುಮತಿ ಕೊಡುವ ದಾರಿ ಕಾಯ್ದೆಯ 11ನೇ ಕಲಮಿನಲ್ಲಿದೆ. ಆದರೆ ಅದನ್ನು ಅಧಿಕಾರ ಇರುವ ಅರಣ್ಯಾಧಿಕಾರಿ ಬರವಣಿಗೆಯಲ್ಲೇ ಕೊಡಬೇಕು. ಹಾಗೆ ಅನುಮತಿ ಸಿಕ್ಕಿ ಹೊಡೆದರೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಮನೆಗೆ ತಂದು ಸಾರು ಮಾಡುವ ಹಾಗಿಲ್ಲ. "ಯಾರೂ ಕೇಳಲ್ಲ" ಅಂದವರು ನಾಳೆ ಕೇಸಾದಾಗ ನಿಮ್ಮ ಜೊತೆ ಕೋರ್ಟಿಗೆ ಬರೋದಿಲ್ಲ.

ನಿಮ್ಮ ಲೈಸೆನ್ಸ್ ಕೊಟ್ಟಿರೋದು ಹೊಸನಗರದ ಬೆಳೆಗೆ. ಕರಾವಳಿಯಲ್ಲಿ ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡು ಆ ಕೋವಿ ಇಟ್ಟುಕೊಳ್ಳಲು ಯಾವ ಕಾರಣ ಹೇಳುತ್ತೀರಿ? ತೋಟ ಮಗ ನೋಡಿಕೊಳ್ಳುತ್ತಿದ್ದಾರೆ ಅಂದಿರಿ. ಲೈಸೆನ್ಸ್ ಅವರ ಹೆಸರಿಗೆ ಮಾಡಿಸಲು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. ಅದಾಗುವವರೆಗೆ ನೀವು ವಾಸ ಬದಲಿಸಿದ್ದನ್ನು ಬರೆದು ತಿಳಿಸಿ. ಕೊಡಗಿನವರ ಉದಾಹರಣೆ ಕೆಲವರು ಕೊಡುತ್ತಾರೆ. ಅಲ್ಲಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು ಮಾತ್ರ, ಬೇಟೆಗಲ್ಲ.

ಇನ್ನು ಘಟ್ಟದ ಬುಡ. ಮೂಕಾಂಬಿಕಾ, ಸೋಮೇಶ್ವರ, ಶರಾವತಿ ಕಣಿವೆ, ಮೂರೂ ಅಭಯಾರಣ್ಯ. ಅದರೊಳಗಿನ ಹೊಳೆಯಲ್ಲಿ ಮೀನು ಹಿಡಿಯುವುದೂ ತಪ್ಪೇ. ಆ ಕಡೆ ಜಾಗ ನೋಡುವುದಾದರೆ ಗಡಿ ಎಲ್ಲಿ ಬರುತ್ತದೆ ಅಂತ ನಕ್ಷೆ ಹಿಡಿದು ನೋಡಿ.

ಕೋಡಿ ಕನ್ನಿಕೆ

ನೀವು ಹೊಸನಗರದವರು ಅಂದಮೇಲೆ ಕುಂದಾಪ್ರ ಬಿಟ್ಟು ಬೇರೆ ಕಡೆ ಯಾಕೆ ಹೋಗ್ತೀರಿ ಮಾರಾಯ್ರೆ! ಹುಲಿಕಲ್ ಘಾಟಿ ಇಳಿದರೆ ಹೊಸಂಗಡಿ, ಸಿದ್ದಾಪುರ, ಆಮೇಲೆ ನಮ್ಮೂರೇ. ನಿಮ್ಮ ಮಾಣಿ ಅಣೆಕಟ್ಟಿನ ವಾರಾಹಿ ನೀರು ಸಮುದ್ರ ಸೇರೋದು ನಮ್ಮ ಗಂಗೊಳ್ಳಿ ಅಳಿವೆಯಲ್ಲಿ. ವಾರಾಹಿ, ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ, ಐದು ಹೊಳೆ ಸೇರುವ ಜಾಗ ಅದು.

ಕೋಡಿಯಲ್ಲಿ ಸಮುದ್ರದೊಳಗೆ ಕಲ್ಲು ಹಾಕಿ ಕಟ್ಟಿದ ಉದ್ದದ ತಡೆಗೋಡೆ ಇದೆ. ಸಂಜೆ ಹೊತ್ತು ಅಲ್ಲಿ ಗಾಳ ಹಾಕುವವರು ಸಾಲಾಗಿ ನಿಂತಿರುತ್ತಾರೆ. ನನ್ನ ತಮ್ಮನೂ ಅವರಲ್ಲಿ ಒಬ್ಬ. ಮರಳಿನ ದಡದಲ್ಲಿ ಕಾಣೆ ಸಿಗುತ್ತದೆ, ಕಲ್ಲಿನ ಸಂದಿಯಲ್ಲಿ ಕೆಂಬೇರಿ. ಆದರೆ ಮಳೆಗಾಲದಲ್ಲಿ ಆ ಕಲ್ಲಿನ ಮೇಲೆ ದಯವಿಟ್ಟು ಹೋಗಬೇಡಿ. ಪಾಚಿ ಕಟ್ಟಿರುತ್ತದೆ, ಅಲೆ ಗೋಡೆ ಹಾರಿ ಬರುತ್ತದೆ. ಕಾಲು ಜಾರಿದರೆ ಕಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತೀರಿ.

ಅಕ್ಕನ ಸಕ್ಕರೆ ಕಾಯಿಲೆಗೆ ಇಲ್ಲೇ ಕುಂದಾಪ್ರದಲ್ಲಿ ಡಾಕ್ಟರಿದ್ದಾರೆ. ದೊಡ್ಡದಕ್ಕೆ ಮಣಿಪಾಲ ಇದೆ, ಹೆದ್ದಾರಿಯಲ್ಲಿ ಒಂದು ಗಂಟೆಯೊಳಗೆ ಮುಟ್ಟಬಹುದು. ನಾನು ಈ ಒಂದು ಕಾರಣಕ್ಕೇ ಕುಂದಾಪ್ರ ಅನ್ನೋದು. ಮೀನು ಎಲ್ಲಾ ಕಡೆ ಸಿಗುತ್ತದೆ.

ಬ್ರೋಕರ್ ತೋರಿಸಿದ ಜಾಗಕ್ಕೆ ಮಾತ್ರ ಕೈ ಹಾಕಬೇಡಿ. ಮರವಂತೆ ಕಡೆ ಜೂನ್ ಜುಲೈನಲ್ಲಿ ಒಮ್ಮೆ ಬಂದು ನೋಡಿ. ಸಮುದ್ರ ತೆಂಗಿನ ಮರವನ್ನೇ ಬುಡ ಸಮೇತ ಎಳೆದುಕೊಂಡು ಹೋಗುತ್ತದೆ.

ಸಾಗರ ಬಿಟ್ಟು ಕುಮಟಾ

ನಾನು ಸಾಗರದವನು. ಕುಮಟಾದ ಅಘನಾಶಿನಿ ದಂಡೆಗೆ ಬಂದು ಬಹಳ ವರ್ಷವಾಯಿತು. ಅಣ್ಣ, ನಿಮ್ಮ ಕೂಣಿ ವಿವರ ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಸಮುದ್ರ ನೋಡಿ ಊರು ಆರಿಸಬೇಡಿ. ಅಳಿವೆ ನೋಡಿ ಆರಿಸಿ. ಮಲೆನಾಡಿನಿಂದ ಬಂದವರಿಗೆ ಸಮುದ್ರದ ಅಲೆ ಹೊಸದು. ಅಲ್ಲಿ ಉದ್ದದ ರಾಡ್ ಬೇಕು, ಭುಜಕ್ಕೆ ಶಕ್ತಿ ಬೇಕು, ಗಾಳಿ ಎದ್ದ ದಿನ ಸೀಸದ ಗುಂಡೇ ನಿಲ್ಲೋದಿಲ್ಲ. ಅಳಿವೆ ಹಾಗಲ್ಲ. ಅದು ಹೊಳೆಯೇ. ನಮಗೆ ಅದರ ಮಡು, ತಿರುವು, ಬೇರಿನ ಸಂದಿ ಎಲ್ಲ ಓದೋಕೆ ಬರುತ್ತದೆ. ಕಲಿಯಬೇಕಾದ್ದು ಉಬ್ಬರ ಇಳಿತ ಮಾತ್ರ. ನೀರು ಸುಮಾರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ. ದಿನದಿನಕ್ಕೆ ಮುಕ್ಕಾಲು ಗಂಟೆಗೂ ಸ್ವಲ್ಪ ಜಾಸ್ತಿ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ಎಳೆತ ಜೋರು, ಅಷ್ಟಮಿ ಸುತ್ತಮುತ್ತ ಮಂದ. ಗಡಿಯಾರ ನೋಡುವ ಬದಲು ಪಂಚಾಂಗ ನೋಡುವ ಅಭ್ಯಾಸ ಆಗುತ್ತದೆ.

ಮೀನು ಹೊಡೆಯೋದು ನೀರು ತಿರುಗುವಾಗ. ತುಂಬಿದ ನೀರು ಇಳಿಯಲು ಶುರುವಾದ ಕೂಡಲೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನೊಳಗಿಂದ ಸಣ್ಣ ಮೀನು, ಸಿಗಡಿ ಹೊರಗೆ ಬರುತ್ತವೆ. ಕೆಂಬೇರಿ, ಬಾರಾಮುಂಡಿ ಅವುಗಳಿಗಾಗಿ ಅಲ್ಲೇ ಅಂಚಿನಲ್ಲಿ ಕಾದಿರುತ್ತವೆ. ಜೀವಂತ ಸಿಗಡಿ ಕಟ್ಟಬೇಕು. ಸಿಗಡಿಯ ತಲೆಯೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದಕ್ಕೆ ಗಾಳ ತಾಗಿದರೆ ಆ ಕ್ಷಣವೇ ಸಾಯುತ್ತದೆ. ಅದರ ಮುಂದೆ, ಕೊಂಬಿನ ಬುಡದಲ್ಲಿ ಅಡ್ಡಕ್ಕೆ ಚುಚ್ಚಿದರೆ ತುಂಬಾ ಹೊತ್ತು ಈಜುತ್ತಾ ಇರುತ್ತದೆ. ಬೇರಿನಿಂದ ಒಂದು ಮಾರು ದೂರಕ್ಕೆ ಬಿಡಿ. ಕೆಂಬೇರಿ ಕಚ್ಚಿದ ತಕ್ಷಣ ಬೇರಿನ ಕಡೆಗೇ ಓಡುತ್ತದೆ. ಮೊದಲ ಎಳೆತಕ್ಕೇ ತಡೆಯಬೇಕು. ಒಳಗೆ ನುಗ್ಗಿತು ಅಂದರೆ ದಾರ ಹೋಯಿತು. ಕೂಣಿಗೆ ಬಡಿಯುವ ಮೀನಿನ ಬಗ್ಗೆ ಬರೆದಿರಲ್ಲ, ಆ ಸುಖ ಇಲ್ಲಿಯೂ ಇದೆ, ಇನ್ನೂ ಜೋರಾಗಿ.

ಈಗ ಯಾವ ಅಳಿವೆ ಅನ್ನುವ ಮಾತು. ಹೊನ್ನಾವರದ ಶರಾವತಿ, ನಮ್ಮ ಅಘನಾಶಿನಿ, ಎರಡೂ ಪಕ್ಕಪಕ್ಕದ ಹೊಳೆಗಳು. ಎರಡರ ಸ್ವಭಾವ ಮಾತ್ರ ಬೇರೆ. ಅದಕ್ಕೆ ಕಾರಣ ನಮ್ಮ ಸಾಗರದಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಆಮೇಲೆ ಗೇರುಸೊಪ್ಪದಲ್ಲಿ ಇನ್ನೊಂದು. ಕರೆಂಟ್ ತೆಗೆದ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಹರಿಯುತ್ತಲೇ ಇರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಶರಾವತಿ ಅಳಿವೆಗೆ ಬರಬೇಕಾದಷ್ಟು ಉಪ್ಪು ಬರೋದಿಲ್ಲ. ಅಘನಾಶಿನಿ ಶಿರಸಿ ಕಡೆ ಹುಟ್ಟಿ ತದಡಿಯಲ್ಲಿ ಸಮುದ್ರ ಸೇರುವವರೆಗೆ ಒಂದೂ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಪೂರ್ತಿ ಸಿಹಿ, ಬೇಸಿಗೆಯಲ್ಲಿ ಒಳಗಿನವರೆಗೆ ಉಪ್ಪು. ಬಳಚು ಅನ್ನುವ ಚಿಪ್ಪುಮೀನು, ಏಡಿ, ಸಿಗಡಿ ಎಲ್ಲ ಬದುಕಿರೋದು ಈ ಏರಿಳಿತದ ಮೇಲೆ. ಇಳಿತದ ಹೊತ್ತಿಗೆ ಬಂದು ನೋಡಿ, ಸೊಂಟದವರೆಗೆ ನೀರಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರು ಹೊಳೆ ತುಂಬಾ ಇರುತ್ತಾರೆ. 2024ರಲ್ಲಿ ಈ ಅಳಿವೆಗೆ ರಾಮ್ಸರ್ ಮಾನ್ಯತೆ (ಜಾಗತಿಕ ಮಹತ್ವದ ಜೌಗು ಪ್ರದೇಶ ಅನ್ನುವ ಮನ್ನಣೆ) ಸಿಕ್ಕಿತು. ನಾವು ಘಟ್ಟದ ಮೇಲಿನವರು ಒಂದು ಹೊಳೆಗೆ ಅಡ್ಡ ಕಟ್ಟಿದರೆ ಕೆಳಗಿನವರ ಅನ್ನ ಹೇಗೆ ಬದಲಾಗುತ್ತದೆ ಅಂತ ಇಲ್ಲಿಗೆ ಬಂದ ಮೇಲೇ ನನಗೆ ತಿಳಿದಿದ್ದು. ಅಘನಾಶಿನಿ ಹೀಗೇ ಉಳಿಯಬೇಕು ಅನ್ನೋದು ನನ್ನ ದೊಡ್ಡ ಆಸೆ.

ನಮ್ಮ ಕಡೆ ಬರುವುದಾದರೆ ಒಂದು ವಿಷಯ ಮನಸ್ಸಲ್ಲಿಟ್ಟುಕೊಳ್ಳಿ. ಹೊಳೆ ಖಾಲಿ ಕಂಡರೂ ಖಾಲಿ ಅಲ್ಲ. ಮಾಣಿಕಟ್ಟಾ, ಕಾಗಾಲ ಕಡೆ ಗಜನಿ, ಅಂದರೆ ಉಪ್ಪುನೀರು ಬರುವ ಗದ್ದೆಗಳಿವೆ. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಉಳಿದ ತಿಂಗಳು ಸಿಗಡಿ, ಮೀನು. ಅಲ್ಲಿಯ ಮೀನಿನ ಹಕ್ಕು ಹರಾಜಿನಲ್ಲಿ ಹೋಗಿರುತ್ತದೆ. ಜಂತ್ರಡಿ (ಗಜನಿಗೆ ನೀರು ಬಿಡುವ, ತಡೆಯುವ ತೂಬು) ಬಾಗಿಲ ಬಳಿ ಹೋಗಿ ಗಾಳ ಬಿಟ್ಟರೆ ಅದು ಇನ್ನೊಬ್ಬರ ಬೆಳೆಗೆ ಕೈ ಹಾಕಿದ ಹಾಗೆ. ಕಟ್ಟುಬಲೆ ಹಾಕುವ ಜಾಗಗಳೂ ಅಷ್ಟೇ, ತಲೆತಲಾಂತರದಿಂದ ಇಂಥ ಮನೆಯವರದ್ದು ಅಂತ ಇರುತ್ತದೆ. ಮೊದಲು ಹೋಗಿ ಮಾತಾಡಿಸಿ, ಪಕ್ಕದಲ್ಲಿ ಕೂರಬಹುದಾ ಕೇಳಿ. ನನಗೆ ಯಾರೂ ಇಲ್ಲ ಅಂದಿಲ್ಲ. ಈಗ ಅವರೇ ಫೋನ್ ಮಾಡಿ ಇಂಥ ಕಡೆ ಮೀನು ಎದ್ದಿದೆ ಬನ್ನಿ ಅನ್ನುತ್ತಾರೆ.

ಜಾಗದ ಬಗ್ಗೆ: 2020ರ ತಿದ್ದುಪಡಿ ನಂತರ ಕೃಷಿ ಜಮೀನು ಯಾರು ಬೇಕಾದರೂ ಕೊಳ್ಳಬಹುದು, ನೀವಂತೂ ರೈತರೇ. ತೊಡಕು ಸಿಆರ್‌ಝಡ್‌ನದ್ದು, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮದ್ದು. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಆ ನಿಯಮ ಬರುತ್ತದೆ. ಉಬ್ಬರ ಇಳಿತ ಇರುವ ಹೊಳೆ ಬದಿಗೂ ಬರುತ್ತದೆ, ದೂರದ ಲೆಕ್ಕ ಬೇರೆ. ಜಾಗ ಕೊಟ್ಟವರು ದುಡ್ಡು ಎಣಿಸಿಕೊಂಡು ಹೋಗುತ್ತಾರೆ, ಮನೆ ಕಟ್ಟಲು ಅನುಮತಿ ಇಲ್ಲ ಅಂತ ಪಂಚಾಯ್ತಿಯಲ್ಲಿ ಗೊತ್ತಾಗುತ್ತದೆ. ಬಾವಿ ನೀರನ್ನು ಏಪ್ರಿಲ್ ಮೇನಲ್ಲಿ ಕುಡಿದು ನೋಡಿ. ನವೆಂಬರಿನಲ್ಲಿ ಎಲ್ಲರ ಬಾವಿಯೂ ಸಿಹಿ. ಹೆದ್ದಾರಿಗೆ ಗುಡ್ಡ ಕಡಿದ ಬುಡದಲ್ಲಂತೂ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಆದದ್ದು ಗೊತ್ತಲ್ವಾ. ಗುಡ್ಡ ಜಾರಿ ಗಂಗಾವಳಿ ಹೊಳೆಗೆ ಬಿತ್ತು, ಹೆದ್ದಾರಿ ಬದಿಯಲ್ಲಿದ್ದವರು ಹೋದರು.

ಆಸ್ಪತ್ರೆ ವಿಷಯದಲ್ಲಿ ಕೋಡಿ ತಂಗಿ ಹೇಳಿದ್ದು ಸರಿ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಹೋರಾಟ ಮಾಡುತ್ತಲೇ ಇದ್ದಾರೆ. ಇವತ್ತಿಗೂ ತುರ್ತಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಂತ ಓಡಬೇಕು. ನಿಮ್ಮ ಮನೆಯವರ ಆರೋಗ್ಯ ಏರುಪೇರಾಗುತ್ತಿದ್ದರೆ ಕುಮಟಾಕ್ಕೆ ಬನ್ನಿ ಅಂತ ನಾನು ಕರೆಯೋದಿಲ್ಲ.

ಬೈತಖೋಲ್

ಕಾರವಾರದ ಬಗ್ಗೆ ಯಾರೂ ಹೇಳಲಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಊರು ಚಂದ, ಕಾಳಿ ಅಳಿವೆಯಲ್ಲಿ ಮೀನು ಚೆನ್ನಾಗಿದೆ, ಮಾಜಾಳಿ ಕಡೆ ದಡ ಇನ್ನೂ ಶಾಂತ. ಆದರೆ ದಕ್ಷಿಣದ ಕಡೆ ನೌಕಾನೆಲೆ ಇದೆ. ಅದರ ಸುತ್ತ ಸಮುದ್ರದಲ್ಲೂ ದಡದಲ್ಲೂ ಬೇಕಾದಲ್ಲಿ ಓಡಾಡುವ ಹಾಗಿಲ್ಲ. ನಿಮಗೆ ಹೊಸನಗರವೂ ತೀರಾ ದೂರ ಆಗುತ್ತದೆ. ಅಮ್ಮ ಊರಲ್ಲಿದ್ದಾರೆ ಅಂದಿರಿ, ಹಾಗಾಗಿ ನಾನಾಗಿದ್ದರೆ ಕಾರವಾರ ಬಿಟ್ಟುಬಿಡುತ್ತಿದ್ದೆ.

ಹಿನ್ನೀರಿನವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ.

ಕೋವಿ ವಿಷಯ ಇವತ್ತೇ ಮಗನ ಹತ್ತಿರ ಮಾತಾಡಿದೆ. ಲೈಸೆನ್ಸ್ ಅವನ ಹೆಸರಿಗೆ ಅರ್ಜಿ ಹಾಕುತ್ತೇವೆ. ವಕೀಲರೇ, ನಿಮ್ಮ ಮಾತು ಮನಸ್ಸಿಗೆ ಹಿಡಿಸಿತು. ಹೆಂಡತಿಗೆ ಎಲ್ಲ ಓದಿ ಹೇಳಿದೆ. ಅವಳಿಗೆ ಕುಂದಾಪುರವೇ ಸರಿ ಅನಿಸಿದೆ. ನನಗೆ ಅಘನಾಶಿನಿ ತಲೆಯಲ್ಲಿ ಕೂತಿದೆ, ಆದರೆ ಆಸ್ಪತ್ರೆ ಮಾತಿನಲ್ಲಿ ಅವಳದೇ ತೂಕ. ಸಿಗಂದೂರು ಸೇತುವೆ 2025ರಲ್ಲಿ ತೆರೆದ ಮೇಲೆ ಸಾಗರದ ನೆಂಟರೂ ಲಾಂಚ್ ಕಾಯದೆ ಕೊಲ್ಲೂರು ಮೇಲೆ ಕುಂದಾಪುರಕ್ಕೆ ಬರಬಹುದು, ಅದೂ ಒಂದು ಅನುಕೂಲ.

ಎರಡು ಪ್ರಶ್ನೆ ಉಳಿದಿದೆ. ಜೂನ್ ಜುಲೈ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ ಅನ್ನುತ್ತಾರಲ್ಲ, ಆಗ ಗಾಳವೂ ಬಂದಾ? ಮತ್ತೆ ಒಂದು ಸಣ್ಣ ಪಾತಿದೋಣಿ ಇಟ್ಟುಕೊಳ್ಳಬಹುದಾ?

ಸಾಗರ ಬಿಟ್ಟು ಕುಮಟಾ

ಅಣ್ಣ, ಕುಂದಾಪುರ ಒಳ್ಳೆಯ ತೀರ್ಮಾನ. ಗಂಗೊಳ್ಳಿ ಅಳಿವೆಯೂ ದೊಡ್ಡದು, ಕುರು ಅಂತ ನಡುವೆ ದ್ವೀಪಗಳಿವೆ, ಕಾಂಡ್ಲಾ ಇದೆ. ನಾನು ಹೇಳಿದ ಸಿಗಡಿ ಉಪಾಯ ಅಲ್ಲಿಯೂ ನಡೆಯುತ್ತದೆ.

ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಯಾಂತ್ರಿಕ ಬೋಟುಗಳಿಗೆ. ಆ ಹೊತ್ತಿಗೆ ತುಂಬಾ ಮೀನು ಮೊಟ್ಟೆ ಇಡುತ್ತವೆ, ಕಡಲೂ ಒರಟು. ನಾಡದೋಣಿಯವರಿಗೆ, 10 ಅಶ್ವಶಕ್ತಿವರೆಗಿನ ಎಂಜಿನ್‌ಗೆ ಅವಕಾಶ ಇದೆ. ದಡದ ಗಾಳಕ್ಕೆ ತಡೆ ಇಲ್ಲ. ಆದರೆ ಜೋರು ಮಳೆಯಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ಕೂತು ಪ್ರಯೋಜನ ಇಲ್ಲ. ಆಗ ಊರಿಗೆ ಹೋಗಿ ತೋಟಕ್ಕೆ ಮದ್ದು ಹೊಡೆಸಿ, ಅಮ್ಮನ ಜೊತೆ ಇದ್ದು ಬನ್ನಿ. ನೀರು ತಿಳಿಯಾಗೋದು ಮಳೆ ಹಿಂದೆ ಸರಿದ ಮೇಲೆ. ಅಕ್ಟೋಬರಿನಿಂದ ಮೇವರೆಗೆ ನಿಮ್ಮದೇ ಕಾಲ.

ದೋಣಿ ಇಟ್ಟುಕೊಳ್ಳಬಹುದು, ಆದರೆ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ ನೋಂದಣಿ ಮಾಡಿಸಿಯೇ ನೀರಿಗಿಳಿಸಿ. ಮೊದಲ ವರ್ಷ ದೋಣಿ ಬೇಡ ಅನ್ನೋದು ನನ್ನ ಮಾತು. ಹಿನ್ನೀರಿನಲ್ಲಿ ತೆಪ್ಪ ನಡೆಸಿದವರಿಗೆ ಅಳಿವೆಯ ಇಳಿತ ಹೊಸದು. ಹುಣ್ಣಿಮೆ ಇಳಿತಕ್ಕೆ ಸಿಕ್ಕಿದರೆ ಹುಟ್ಟು ಹಾಕಿದಷ್ಟೂ ಸಮುದ್ರದ ಕಡೆಗೇ ಹೋಗುತ್ತೀರಿ. ಲೈಫ್ ಜಾಕೆಟ್ ದಡದಲ್ಲಿ ಬಿಚ್ಚಿಡಬೇಡಿ.

ಹೊಳೆಯಲ್ಲಿ ಆಮೆ ಗಾಳಕ್ಕೆ ಬಿದ್ದರೆ ದಾರ ಗಾಳದ ಹತ್ತಿರಕ್ಕೆ ಕತ್ತರಿಸಿ ಬಿಡಿ. ಕಡಲಾಮೆ, ಕಡಲಕುದುರೆ ಎಲ್ಲ ಹುಲಿಯಷ್ಟೇ ರಕ್ಷಣೆ ಇರುವ ಜೀವಗಳು. ರೀಲನ್ನು ಪ್ರತಿ ಸಲ ಸಿಹಿನೀರಲ್ಲಿ ತೊಳೆದು ಒರೆಸಿ ಎಣ್ಣೆ ಬಿಡಿ, ಇಲ್ಲದಿದ್ದರೆ ಉಪ್ಪು ಅದನ್ನು ಬೇಗ ತಿನ್ನುತ್ತದೆ.

ಜಾಗ ಕೊಳ್ಳಲು ಅವಸರ ಬೇಡ. ಒಂದು ವರ್ಷ ಬಾಡಿಗೆಗೆ ಇರಿ, ಒಂದು ಮಳೆಗಾಲ ಒಂದು ಬೇಸಿಗೆ ಎರಡೂ ಕಾಣಲಿ. ಅಡಿಕೆ ಕೊಯ್ಲು ಮುಗಿದ ಮೇಲೆ ಒಮ್ಮೆ ಕುಮಟಾಕ್ಕೆ ಬನ್ನಿ, ಮಾಣಿಕಟ್ಟಾಕ್ಕೆ ಕರೆದುಕೊಂಡು ಹೋಗುತ್ತೇನೆ. ಸಾಧ್ಯವಾದರೆ ನಿಮ್ಮ ಕೂಣಿ ತನ್ನಿ, ಇಲ್ಲಿನ ಹುಡುಗರಿಗೆ ತೋರಿಸಬೇಕು.

ಕೋಡಿ ಕನ್ನಿಕೆ

ಬಾಡಿಗೆ ಮನೆ ಬೇಕಾದರೆ ಹೇಳಿ. ಹಂಗಳೂರು, ಕೋಟೇಶ್ವರ ಕಡೆ ಸಿಗುತ್ತದೆ, ಕೋಡಿಗೂ ಹತ್ತಿರ, ಹೆದ್ದಾರಿಗೂ ಹತ್ತಿರ. ಅಕ್ಕನನ್ನೂ ಕರೆದುಕೊಂಡು ಬಂದು ಮನೆ ನೋಡಿ. ಬಾವಿ ಇರುವ ಮನೆಯನ್ನೇ ಹುಡುಕೋಣ.